ಹಳ್ಳಿ ಮಾದರಿಯ ಅಂಗಡಿ ಸಂಕೀರ್ಣದೊಳಗಿನ ಪುಟ್ಟ ಹೋಟೆಲಿನಲ್ಲಿ ಮದುವೆಯ ನೆಂಟರನ್ನು ಇಳಿಸಬಹುದೇ?

ಶರಾವತಿ_ಮಡಿಲು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಿನಲ್ಲಿ ಸಾಗರದ ಹತ್ತಿರ ನಮ್ಮ ಮನೆಯಲ್ಲಿ ತಮ್ಮನ ಮದುವೆ. ಹೆಣ್ಣಿನ ಕಡೆಯವರು ಬೆಂಗಳೂರಿನವರು. ನಮ್ಮ ದೊಡ್ಡಪ್ಪನ ಮನೆಯವರು ಹುಬ್ಬಳ್ಳಿಯಿಂದ ಬರುತ್ತಾರೆ. ಮನೆಯಲ್ಲಿ ಎಲ್ಲರಿಗೂ ಜಾಗ ಸಾಲುವುದಿಲ್ಲ. ಪೇಟೆಯ ಲಾಡ್ಜುಗಳು ಮದುವೆಯ ಕಾಲದಲ್ಲಿ ಈಗಾಗಲೇ ತುಂಬಿವೆ.

ಶಿವಮೊಗ್ಗ–ಸಾಗರ ಹೆದ್ದಾರಿಯ ಪಕ್ಕದಲ್ಲಿ ಮಲೆನಾಡಿನ ಹಳ್ಳಿಯ ಹಾಗೆ ಕಟ್ಟಿರುವ ಅಂಗಡಿಗಳ ಸಂಕೀರ್ಣವೊಂದು ಇದೆಯಲ್ಲ, ಅದರೊಳಗೆ ಮಹಡಿಯ ಮೇಲೆ ಎಂಟೋ ಒಂಬತ್ತೋ ಕೋಣೆಗಳ ಚಿಕ್ಕ ಹೋಟೆಲ್ ಮಾಡಿದ್ದಾರೆ. ಹೆಸರು ಬರೆಯುವುದಿಲ್ಲ, ಈ ಕಡೆಯವರಿಗೆ ಗೊತ್ತಾಗುತ್ತದೆ. ಕೆಳಗೆ ಓಣಿಗಳು, ಜಗಲಿಗಳು, ಕರಕುಶಲ ವಸ್ತುಗಳ ಅಂಗಡಿಗಳು, ನಡುವೆ ಒಂದು ಬಾವಿಕಟ್ಟೆ. ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಕೋಣೆಗೆ ದಿನಕ್ಕೆ 5,500 ರೂಪಾಯಿ ಹೇಳುತ್ತಿದ್ದಾರೆ.

ಅಲ್ಲಿ ರಾತ್ರಿ ಉಳಿದವರು ಯಾರಾದರೂ ಇದ್ದೀರಾ? ಗದ್ದಲ ಹೇಗೆ? ರಾತ್ರಿ ಊಟಕ್ಕೆ ಏನು ವ್ಯವಸ್ಥೆ? ನೆಂಟರಲ್ಲಿ ಮಂಡಿನೋವಿನ ಹಿರಿಯರು ಇದ್ದಾರೆ. ಹಣ ಕೊಟ್ಟು ಬೀಗರ ಮುಂದೆ ತಲೆ ತಗ್ಗಿಸುವ ಹಾಗೆ ಆಗಬಾರದು ಎಂಬುದಷ್ಟೇ ನನ್ನ ಚಿಂತೆ.

ಆನಂದಪುರ_ತಿರುವು

ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿದೆಯೇ? ಅದನ್ನು ಮೊದಲು ಕೇಳಿ.

ವರದಾತೀರ

ಕಳೆದ ಮಳೆಗಾಲದಲ್ಲಿ ನಾವು ಉಳಿದಿದ್ದೆವು ಅಕ್ಕ. ಒಳ್ಳೆಯದನ್ನೂ ಹೇಳುತ್ತೇನೆ, ಕೆಟ್ಟದ್ದನ್ನೂ ಹೇಳುತ್ತೇನೆ.

ಕೋಣೆ ಸ್ವಚ್ಛ, ಹಾಸಿಗೆ ಚೆನ್ನಾಗಿದೆ, ಬಿಸಿನೀರು ಧಾರಾಳ. ಆದರೆ ಕಿಟಕಿ ತೆರೆದರೆ ನೇರವಾಗಿ ಕೆಳಗಿನ ಓಣಿ. ಶನಿವಾರ, ಭಾನುವಾರ ಜೋಗಕ್ಕೆ ಹೋಗಿ ಬರುವ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಧ್ವನಿವರ್ಧಕದಲ್ಲಿ ಒಂದೇ ಹಾಡಿನ ಸರಣಿ ಸಂಜೆಯವರೆಗೂ ನಡೆಯುತ್ತದೆ. ಮಧ್ಯಾಹ್ನ ಮಲಗುವ ಅಭ್ಯಾಸವಿರುವ ಹಿರಿಯರಿಗೆ ಅದು ಆಗಿಬರುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಅಂಗಡಿಗಳ ಬಾಗಿಲು ಬೀಳುತ್ತದೆ. ಜೊತೆಗೆ ಊಟದ ಅಂಗಳವೂ ಮುಚ್ಚುತ್ತದೆ. ಉಳಿದುಕೊಂಡವರಿಗೆ ಪ್ರತ್ಯೇಕ ಅಡುಗೆಮನೆ ಇಲ್ಲ. ಮೊದಲೇ ಹೇಳದಿದ್ದರೆ ಕಾವಲುಗಾರ ಬಿಟ್ಟರೆ ಕೇಳುವವರು ಯಾರೂ ಇರುವುದಿಲ್ಲ. ನಾವು ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲಿ ಸಾಗರ ಪೇಟೆಗೆ ಹೋಗಿ ಊಟ ಮಾಡಿ ಬಂದೆವು.

ಇಷ್ಟಾದರೂ ಬೆಳಗಿನ ಹೊತ್ತು ಅಲ್ಲಿ ನಿಜಕ್ಕೂ ಚೆನ್ನ. ಅಂಗಡಿ ತೆರೆಯುವವರೆಗೆ ಇಡೀ ಓಣಿ ನಮ್ಮದೇ. ಮಕ್ಕಳು ಬಾವಿಕಟ್ಟೆಯ ಸುತ್ತ ಆಡಿದರು, ನಾವು ಜಗಲಿಯ ಮೇಲೆ ಕುಳಿತು ಕಾಫಿ ಕುಡಿದೆವು. ಮನೆಯ ಮುಂದೆಯೇ ಕುಳಿತಷ್ಟು ನಿರಾಳವಾಗಿತ್ತು.

ಇನ್ನೊಂದು ಮಾತು, ಮಳೆ ಬಂದರೆ ಮಾಡಿನ ಶಬ್ದ ಭಯಂಕರ. ರಾತ್ರಿಯಿಡೀ ನಿದ್ದೆ ಇಲ್ಲ.

ಹಂಚಿನಮಾಡು

ವರದಾತೀರ ಹೇಳಿದ ಶಬ್ದದ ಕಾರಣ ನನಗೆ ಗೊತ್ತು. ಈ ಭಾಗದಲ್ಲಿ ಕಟ್ಟಡ ಕಟ್ಟಿಸುವುದೇ ನನ್ನ ಕೆಲಸ. ಕೆಳಗಿನ ಅಂಗಡಿಗಳ ಮುಂಭಾಗಕ್ಕೆ ನಿಜವಾದ ಹಂಚು ಹಾಕಿದ್ದಾರೆ, ನೋಡುವವರಿಗೆ ಕಾಣುವ ಜಾಗ ಅದು. ಕೋಣೆಗಳ ಮೇಲೆ ಇರುವುದು ಹಂಚಿನ ಅಚ್ಚು ಒತ್ತಿದ ಕಬ್ಬಿಣದ ತಗಡು. ಕೆಂಪು ಬಣ್ಣ ಬಳಿದರೆ ರಸ್ತೆಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ಮಲೆನಾಡಿನ ಮಳೆ ಅದರ ಮೇಲೆ ಬಿದ್ದಾಗ ತಿಳಿಯುತ್ತದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಘಟ್ಟದ ಮೇಲೂ ಸೋಗೆ, ಹುಲ್ಲಿನ ಮಾಡುಗಳು ಹೋಗಿ ಹಂಚು ಬಂತು. ಮಣ್ಣಿನ ಹಂಚು ಮಳೆಯ ಏಟನ್ನು ತಾನು ತಡೆದುಕೊಳ್ಳುತ್ತದೆ, ಸಂದಿಗಳಲ್ಲಿ ಗಾಳಿ ಆಡುತ್ತದೆ. ಕೆಳಗೆ ಮರದ ಹಲಗೆಯ ಅಟ್ಟವಿದ್ದರೆ ಶಬ್ದ ಇನ್ನೂ ಕಡಿಮೆ. ತಗಡಿಗೆ ಈ ಗುಣ ಯಾವುದೂ ಇಲ್ಲ. ಅದರ ಕೆಳಗೆ ಜಿಪ್ಸಮ್ ಹಾಳೆ ಹೊಡೆದರೆ ಅಷ್ಟಿಷ್ಟು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಹೋಟೆಲಿನವರನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಮಣ್ಣಿನ ಹಂಚಾದರೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೆ ಹತ್ತಿ ಒಡೆದದ್ದನ್ನು ಬದಲಿಸಬೇಕು. ಮಂಗಗಳು ಓಡಾಡಿ ಹಂಚು ಜಾರಿಸುತ್ತವೆ. ಆ ಕೆಲಸ ಗೊತ್ತಿರುವವರು ಈಗ ಸಿಗುವುದೇ ಕಷ್ಟ. ಆದರೂ ದಿನಕ್ಕೆ 5,500 ತೆಗೆದುಕೊಳ್ಳುವವರು ತಾರಸಿ ಹಾಕಿ ಅದರ ಮೇಲೆ ಹಂಚು ಹೊದಿಸಬಹುದಿತ್ತು. ಶಬ್ದವೂ ಇಲ್ಲ, ಸೋರುವುದೂ ಇಲ್ಲ.

ಮೇ ಕೊನೆಯಾದರೆ ಮಳೆ ಹಿಡಿಯಬಹುದು, ನೆನಪಿರಲಿ.

ಬೆಂಗಳೂರಿನಿಂದ_ಊರಿಗೆ

ಎಲ್ಲರೂ ಸೇರಿ ಒಳ್ಳೆಯ ಜಾಗವೊಂದನ್ನು ಹೀಗೆ ತೆಗೆದುಹಾಕುವುದು ಸರಿಯಲ್ಲ. ನನ್ನ ಅತ್ತೆ-ಮಾವ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಅವರನ್ನು ಅಲ್ಲಿ ಇಳಿಸಿದ್ದೆವು, ಬಹಳ ಸಂತೋಷಪಟ್ಟರು. ತೋಟದ ನಡುವಿನ ಹೋಂಸ್ಟೇಗೆ ಕರೆದುಕೊಂಡು ಹೋದರೆ ಜಿಗಣೆ, ಕತ್ತಲೆ, ವಿದ್ಯುತ್ ಇಲ್ಲ, ಮೊಬೈಲ್ ಸಿಗುವುದಿಲ್ಲ ಎಂದು ಒದ್ದಾಡುತ್ತಿದ್ದರು. ಇಲ್ಲಿ ಹೆದ್ದಾರಿ ಪಕ್ಕದಲ್ಲೇ ಇದೆ, ಜನರೇಟರ್ ಇದೆ, ಸಂಜೆ ಕಾಲಾಡಿಸಲು ಅಂಗಡಿಗಳಿವೆ, ಕತ್ತಲಾದ ಮೇಲೂ ದೀಪಗಳಿರುತ್ತವೆ. ವಯಸ್ಸಾದವರಿಗೆ ಇನ್ನೇನು ಬೇಕು? ಎಲ್ಲವೂ ನೂರು ವರ್ಷ ಹಳೆಯದೇ ಆಗಿರಬೇಕು ಎಂದು ಹಟ ಹಿಡಿದರೆ ಊರಿಗೆ ಯಾರೂ ಬರುವುದಿಲ್ಲ.

ವರದಾತೀರ

ನಾನು ಹೋಗಬೇಡಿ ಎಂದು ಎಲ್ಲಿ ಹೇಳಿದೆ? ಊಟ ಮತ್ತು ಶಬ್ದದ ವಿಷಯ ಮದುವೆ ಮನೆಯವರಿಗೆ ಗೊತ್ತಿರಬೇಕು. ಅಂದ ಹಾಗೆ ಲಿಫ್ಟ್ ಇಲ್ಲ, ಮರದ ಕಡಿದಾದ ಮೆಟ್ಟಿಲು. ಮಂಡಿನೋವಿನವರಿಗೆ ಅದು ದೊಡ್ಡ ಸಮಸ್ಯೆ.

ಹಸೆಗೋಡೆ

ನನಗೆ ಹೇಳಲೇಬೇಕಾದ ಮಾತೊಂದಿದೆ. ಆ ಹೋಟೆಲಿನ ಕೋಣೆಗಳಲ್ಲಿ ಹಸೆ ಚಿತ್ತಾರವನ್ನು ಅಂಟುಹಾಳೆಯ ಮೇಲೆ ಮುದ್ರಿಸಿ ಗೋಡೆಗೆ ಹಚ್ಚಿದ್ದಾರೆ. ಮಂಚದ ಹಿಂದೆ ಇದೆ, ಸಹಿಸಿಕೊಂಡೆ. ಸ್ನಾನದ ಮನೆಯ ಬಾಗಿಲಿನ ಮೇಲೂ ಅದೇ ಇದೆ. ನೋಡಿ ಕಣ್ಣಲ್ಲಿ ನೀರು ಬಂತು.

ನಾವು ದೀವರ ಸಮುದಾಯದವರು. ನಮ್ಮ ಅಜ್ಜಿ, ಅಮ್ಮ ಇಬ್ಬರೂ ಹಸೆ ಬರೆಯುವವರು. ಮದುವೆಯ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಬರೆದು, ಮದುಮಕ್ಕಳನ್ನು ಅದರ ಮುಂದೆ ಕೂರಿಸಿ ಶಾಸ್ತ್ರ ಮಾಡುತ್ತೇವೆ. ಅಕ್ಕಿ ನೆನೆಸಿ ಅರೆದರೆ ಬಿಳಿ, ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಕೆಂಪಿಗೆ ಮಣ್ಣು. ಪುಂಡಿ ನಾರನ್ನು ಜಜ್ಜಿ ಕುಂಚ ಮಾಡಿಕೊಳ್ಳುತ್ತೇವೆ. ಅಳತೆಪಟ್ಟಿ ಇಲ್ಲ, ಕಣ್ಣಳತೆಯಲ್ಲೇ ಒಂದೊಂದು ಎಳೆ. ಬರೆಯುವಾಗ ಹೆಂಗಸರು ಹಾಡು ಹೇಳುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಚಿತ್ತಾರ ಬರೆಯುತ್ತೇವೆ, ಅದನ್ನು ಹೊತ್ತು ಗದ್ದೆಗೆ ಹೋಗಿ ಭೂಮಿಗೆ ಎಡೆ ಇಡುತ್ತೇವೆ. ಇದು ಅಲಂಕಾರದ ಅಂಚು ಅಲ್ಲ, ನಮಗೆ ಪೂಜೆಯ ಜಾಗ.

ಸಾಗರ, ಸೊರಬ, ಹೊಸನಗರದ ಹಳ್ಳಿಗಳಲ್ಲಿ ಇವತ್ತಿಗೂ ಬರೆಯುವ ಹೆಂಗಸರಿದ್ದಾರೆ. ಅಂಟುಹಾಳೆಗೆ ಕೊಟ್ಟ ಹಣವನ್ನು ಅವರಿಗೆ ಕೊಟ್ಟಿದ್ದರೆ ಗೋಡೆಗಳನ್ನೇ ಬರೆದು ಕೊಡುತ್ತಿದ್ದರು.

ಶರಾವತಿ_ಮಡಿಲು

ಅಕ್ಕ, ಇದು ನನಗೆ ತಿಳಿದಿರಲಿಲ್ಲ. ಸ್ನಾನದ ಮನೆಯ ಬಾಗಿಲಿನ ಮೇಲೆ ಎಂದರೆ ಕೇಳುವುದಕ್ಕೇ ಸಂಕಟ.

ಬೆಂಗಳೂರಿನಿಂದ_ಊರಿಗೆ

ಬಾಗಿಲಿನ ಮೇಲೆ ಹಚ್ಚಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಆ ಹೋಟೆಲಿಗೆ ಬರುವವರಲ್ಲಿ ಎಷ್ಟು ಜನ ಹಸೆ ಎಂಬ ಹೆಸರನ್ನೇ ಮೊದಲು ಕೇಳಿರುತ್ತಾರೆ? ಅಲ್ಲಿ ನೋಡಿ, ಇದು ಏನು ಎಂದು ಕೇಳಿ, ಹುಡುಕಿಕೊಂಡು ಹೋಗುವವರೂ ಇರುತ್ತಾರಲ್ಲ?

ಹಸೆಗೋಡೆ

ಕೇಳಿದರೆ ಹೇಳುವವರು ಅಲ್ಲಿ ಯಾರಿದ್ದಾರೆ? ಗೋಡೆಯ ಕೆಳಗೆ ಯಾರು ಬರೆದದ್ದು, ಯಾವ ಊರಿನದು ಎಂಬ ಒಂದು ಸಾಲೂ ಇಲ್ಲ. ಸ್ವಾಗತದ ಮೇಜಿನಲ್ಲಿ ಕುಳಿತ ಹುಡುಗನನ್ನು ಕೇಳಿದೆ. ‘ವಾರ್ಲಿ’ ಎಂದ. ವಾರ್ಲಿ ಮಹಾರಾಷ್ಟ್ರದ್ದು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಡಬೇಕಾದವರ ಮೇಲೆ ಸಿಟ್ಟು.

ಗುಡಿಗಾರ_ಓಣಿ

ಅಂಗಡಿಗಳ ಬಗ್ಗೆ ನಾನೂ ಸ್ವಲ್ಪ ಹೇಳುತ್ತೇನೆ. ನೆಂಟರು ನೆನಪಿಗೆ ಏನಾದರೂ ಕೊಳ್ಳುವವರೇ.

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಎಂದರೆ ದೇಶಕ್ಕೇ ಗೊತ್ತು. ಗಂಧದ ಮರ ಈಗ ಬಹಳ ದುಬಾರಿ, ಸಿಗುವುದೂ ಕಷ್ಟ. ಆದ್ದರಿಂದ ಕೆತ್ತುವವರು ಶಿವಣೆ ಮರದಲ್ಲೂ ಮಾಡುತ್ತಾರೆ. ಶಿವಣೆ ಹಗುರ, ನಸುಹಳದಿ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಶಿವಣೆ ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಕೈಕೆಲಸಕ್ಕೆ ಬೆಲೆ ಇದೆ. ಆದರೆ ಯಾವುದೋ ಬಿಳಿಮರಕ್ಕೆ ಗಂಧದೆಣ್ಣೆ ಸವರಿ ಗಂಧವೆಂದು ಮಾರುವವರು ಪ್ರವಾಸಿ ಸ್ಥಳಗಳಲ್ಲೆಲ್ಲ ಇದ್ದಾರೆ. ಎಣ್ಣೆಯ ವಾಸನೆ ಮೇಲೆಯೇ ಇರುತ್ತದೆ. ಗಂಧದ ಚೇಗಿನಲ್ಲಿ, ಎಂದರೆ ಮರದ ತಿರುಳಿನಲ್ಲಿ, ಪರಿಮಳ ಒಳಗೆ ಇರುತ್ತದೆ. ಮೂರ್ತಿಯ ತಳದಲ್ಲಿ ಬಣ್ಣ ತಾಗದ ಜಾಗವನ್ನು ತುಸು ಉಜ್ಜಿ ಮೂಸಿ ನೋಡಿ. ಏನೇ ಆಗಲಿ, ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಕೊಳ್ಳಬೇಡಿ.

ಇನ್ನು ಅಲ್ಲಿನ ಆಟಿಕೆಗಳು ಚನ್ನಪಟ್ಟಣದ್ದು. ಅರಗಿನ ಬಣ್ಣದ ಒಳ್ಳೆಯ ಆಟಿಕೆಗಳೇ. ಆದರೆ ಅವುಗಳ ಮೇಲೆ ‘ಮಲೆನಾಡಿನ ಆಟಿಕೆ’ ಎಂದು ಬರೆದಿಟ್ಟರೆ ಚನ್ನಪಟ್ಟಣದವರಿಗೂ ಅನ್ಯಾಯ, ನಮಗೂ ಅನ್ಯಾಯ.

ಮಿಡಿಮಾವು

ಅಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಸಿಗುತ್ತದೆಯೇ? ಯಾವ ಅಂಗಡಿಯದು ಚೆನ್ನ?

ಆನಂದಪುರ_ತಿರುವು

ಸಿಗುತ್ತದೆ. ಎಲ್ಲ ಅಂಗಡಿಗಳಲ್ಲೂ ಒಂದೇ ರುಚಿ.

ಕುಮುದ್ವತಿ

ಒಂದೇ ರುಚಿ ಇದ್ದರೆ ಅದು ಅಪ್ಪೆಯೇ ಅಲ್ಲ. ಅಪ್ಪೆಮಿಡಿಯಲ್ಲಿ ಮರಕ್ಕೊಂದು ಪರಿಮಳ. ಜೀರಿಗೆ ವಾಸನೆಯದು ಬೇರೆ, ಕರ್ಪೂರದ ವಾಸನೆಯದು ಬೇರೆ. ನಮ್ಮ ಕಡೆ ಹೊಳೆ ಅಂಚಿನ ಮರ ಯಾರದು, ಮಿಡಿ ಯಾವಾಗ ಇಳಿಸಿದರು ಎಂದು ಕೇಳಿಯೇ ತರುತ್ತಾರೆ. ಉಪ್ಪಿನಲ್ಲಿ ಚೆನ್ನಾಗಿ ಸುಕ್ಕುಗಟ್ಟುವವರೆಗೆ ಕಳೆಯಬೇಕು, ಆಮೇಲೆ ಸಾಸಿವೆ ಮೆಣಸು. ವಿನೆಗರ್ ಹಾಕಿದ್ದರೆ ಬಾಟಲಿಯ ಹಿಂದೆ ಬರೆದಿರುತ್ತದೆ, ಓದಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ, ಸಿಕ್ಕಸಿಕ್ಕ ಮಾವಿನಕಾಯಿಗೆ ಆ ಹೆಸರು ಹಚ್ಚಬಾರದು.

ಮಿಡಿಮಾವು

ನಮ್ಮ ಮನೆಯಲ್ಲಿ ಕೊನೆಗೆ ಸ್ವಲ್ಪ ಎಣ್ಣೆ ಕಾಯಿಸಿ ಹಾಕುತ್ತಾರೆ. ಅದರಿಂದ ಕೆಡುವುದಿಲ್ಲ.

ಕುಮುದ್ವತಿ

ಎಣ್ಣೆ ಹಾಕಿದರೆ ಅಪ್ಪೆಯ ಸೊನೆಯ ಪರಿಮಳ ಸತ್ತು ಹೋಗುತ್ತದೆ ಮಾರಾಯರೇ. ಉಪ್ಪು ಸರಿಯಾಗಿದ್ದರೆ ವರ್ಷಗಟ್ಟಲೆ ಇರುತ್ತದೆ.

ಹಂಚಿನಮಾಡು

ಉಪ್ಪಿನಕಾಯಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಮದುವೆ ಮನೆಯವರು ಕಾಯುತ್ತಿದ್ದಾರೆ.

ಘಟ್ಟದಾಚೆ

ನನ್ನ ಅಕ್ಕ-ಭಾವ ಬ್ಯಾಂಕಾಕಿನಲ್ಲಿದ್ದಾರೆ. ಅಲ್ಲಿಂದ ಖಾವ್ ಯಾಯ್ ಎಂಬ ಕಾಡಿನ ಸೀಮೆಗೆ ಹೋಗಿದ್ದರು. ಖಾವ್ ಯಾಯ್ ಥಾಯ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ, 1962ರಲ್ಲಿ ಆದದ್ದು. 2005ರಲ್ಲಿ ಆ ಅರಣ್ಯ ಸಮೂಹ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಾಡಿಗೆ ಹೋಗುವ ದಾರಿಯಲ್ಲಿ ಪಾಲಿಯೋ ಎಂಬ ಅಂಗಡಿಗಳ ಹಳ್ಳಿ ಇದೆ. ಇಟಲಿಯ ಹಳ್ಳಿಯ ಹಾಗೆ ಕಟ್ಟಿದ್ದು, ಕಲ್ಲುಹಾಸಿನ ಓಣಿ, ಗಡಿಯಾರದ ಗೋಪುರ, ಬಣ್ಣದ ಕಿಟಕಿಗಳು. ಅದರೊಳಗೂ ಇಂಥದ್ದೇ ಒಂದು ಚಿಕ್ಕ ಹೋಟೆಲ್.

ಅಕ್ಕ ಹೇಳುವುದೂ ವರದಾತೀರ ಹೇಳಿದ್ದನ್ನೇ. ಹಗಲು ಬ್ಯಾಂಕಾಕಿನಿಂದ ಬಂದವರು ಫೋಟೋ ತೆಗೆಸಿಕೊಂಡು ಸಂಜೆಗೆ ಹೊರಡುತ್ತಾರೆ. ಆಮೇಲೆ ದೀಪ ಉರಿಯುವ ಓಣಿಗಳಲ್ಲಿ ಉಳಿದುಕೊಂಡವರು ಮಾತ್ರ. ಅಕ್ಕನಿಗೆ ಅದು ಬಹಳ ಇಷ್ಟವಾಯಿತು. ಭಾವನಿಗೆ ಬೇಸರ, ಊಟವಾದ ಮೇಲೆ ಮಾಡಲು ಏನೂ ಇಲ್ಲ ಎಂದರು. ಹಾಗಾಗಿ ಇದು ಒಂದು ಹೋಟೆಲಿನ ದೋಷವಲ್ಲ, ಅಂಗಡಿಗಳ ಹಳ್ಳಿಯೊಳಗೆ ಮಲಗುವುದೆಂದರೆ ಎಲ್ಲಿಯಾದರೂ ಹೀಗೆಯೇ. ನಿಮ್ಮ ನೆಂಟರು ಅಕ್ಕನ ಥರದವರೋ ಭಾವನ ಥರದವರೋ ನೋಡಿ.

ತೊಟ್ಟಿಮನೆ

ಥಾಯ್ಲೆಂಡಿನವರು ಇಟಲಿಯನ್ನು ಕಟ್ಟಿದರೆ ಅದು ಬೇರೆ ದೇಶದ ಚಿತ್ರ ಎಂದು ನೋಡುವವರಿಗೆಲ್ಲ ಗೊತ್ತಿರುತ್ತದೆ. ನಮ್ಮಲ್ಲಿ ಆಗುತ್ತಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಮಲೆನಾಡಿನೊಳಗೇ ಮಲೆನಾಡಿನ ಮನೆಯ ಪ್ರತಿ ಕಟ್ಟುತ್ತಿದ್ದಾರೆ, ಅದೇ ಹೊತ್ತಿಗೆ ಅದರಿಂದ ಸ್ವಲ್ಪ ದೂರದಲ್ಲಿ ನಿಜವಾದ ಮನೆಗಳನ್ನು ಬಿಚ್ಚಿ ಮಾರುತ್ತಿದ್ದಾರೆ. ಆ ಹೋಟೆಲಿನ ಕೆಳಗಿನ ಪಡಸಾಲೆಯಲ್ಲಿ ನಿಂತಿರುವ ಹಲಸಿನ ಕಂಬಗಳನ್ನು ನೋಡಿದ್ದೀರಾ? ಅವು ಹೊಸದಾಗಿ ಕೆತ್ತಿದವಲ್ಲ. ಕಂಬದ ತಲೆಯ ಮೇಲಿನ ಬೋದಿಗೆಯ ಕೆತ್ತನೆ ನೋಡಿದರೆ ಯಾವುದೋ ದೊಡ್ಡ ಮನೆಯ ಹೆಬ್ಬಾಗಿಲಿನ ಒಳಗಿದ್ದವು ಎಂದು ತಿಳಿಯುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ಆದಾಗ, 1964ರ ಹೊತ್ತಿಗೆ, ಎಷ್ಟೋ ಊರುಗಳು ನೀರಿನಡಿಗೆ ಹೋದವು. ನಮ್ಮ ಹಿರಿಯರು ಮನೆಯ ಕಂಬ, ತೊಲೆ, ಬಾಗಿಲು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದು ಹೊಸ ಜಾಗದಲ್ಲಿ ಮತ್ತೆ ನಿಲ್ಲಿಸಿದರು. ಆಗ ಬಿಚ್ಚಿದ್ದು ವಾಸ ಮಾಡಲು. ಈಗ ಬಿಚ್ಚುವುದು ಮಾರಲು.

ಅಡಿಕೆ_ಅಂಗಳ

ತೊಟ್ಟಿಮನೆಯವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಉಳಿಸುವ ಖರ್ಚು ಯಾರದು? ನಮ್ಮದು ಹಳೆಯ ಮನೆ. ಪಾಲು ಆಗಿದೆ, ಅಣ್ಣಂದಿರು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಇರುವವರು ನಾನು ಮತ್ತು ತಾಯಿ. ಗೆದ್ದಲು ಹಿಡಿದ ತೊಲೆ ಬದಲಿಸಲು ಮರ ಸಿಗುವುದಿಲ್ಲ, ಕೆಲಸದವರು ಸಿಗುವುದಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಆದಾಯವನ್ನೂ ನಂಬುವ ಹಾಗಿಲ್ಲ. ಕಂಬ ಮಾರಿದವರನ್ನು ದೂರುವ ಮೊದಲು ಅವರ ಅಟ್ಟ ಹತ್ತಿ ಒಮ್ಮೆ ನೋಡಿ ಬನ್ನಿ.

ತೊಟ್ಟಿಮನೆ

ಮಾರಿದವರನ್ನು ನಾನು ದೂರಲಿಲ್ಲ. ಕೊಂಡವರು ಆ ಕಂಬ ಯಾವ ಊರಿನ ಯಾವ ಮನೆಯದು ಎಂದು ಬರೆದಿಡಬೇಕು ಎನ್ನುತ್ತೇನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಪರಂಪರೆಯ ಹಳ್ಳಿಯನ್ನು ನೋಡಿ. ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು, ಹಲವು ಮನೆಗಳಿಗೆ ಅವುಗಳ ಊರಿನ ಹೆಸರೇ ಉಳಿದಿದೆ. ಮಲೆನಾಡಿನ ಮನೆ ಹೇಗಿತ್ತು ಎಂದು ನೆಂಟರಿಗೆ ತೋರಿಸಬೇಕಾದರೆ ಕುಪ್ಪಳಿಯ ಕವಿಮನೆಗೆ ಕರೆದುಕೊಂಡು ಹೋಗಿ. ತೊಟ್ಟಿ, ನಡುಮನೆ, ಬಾಣಂತಿ ಕೋಣೆ, ಬಚ್ಚಲು, ಎಲ್ಲದರ ಕ್ರಮ ತಿಳಿಯುತ್ತದೆ.

ಜಗಲಿ_ಅಂಗಡಿ

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಆ ಸಂಕೀರ್ಣದಲ್ಲೇ ಅಂಗಡಿ ಇಟ್ಟಿರುವವಳು. ನಮ್ಮದು ಸ್ವಸಹಾಯ ಸಂಘ. ಕೈಮಗ್ಗದ ಬಟ್ಟೆಯ ಚೀಲ, ಟವೆಲ್, ಅಡಿಕೆ ಹಾಳೆಯ ತಟ್ಟೆ ಮಾರುತ್ತೇವೆ.

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಒಳಗಿನಿಂದ ಹೇಗಿದೆ ಎಂದು ಕೇಳಿ. ಮೊದಲು ನಾವು ಸಂತೆಯಲ್ಲಿ ಪ್ಲಾಸ್ಟಿಕ್ ಹಾಸಿಕೊಂಡು ಕೂರುತ್ತಿದ್ದೆವು. ಮಳೆ ಬಂದರೆ ಬಟ್ಟೆಯೆಲ್ಲ ಹಾಳು. ಈಗ ತಲೆಯ ಮೇಲೆ ಮಾಡು ಇದೆ, ಬೀಗ ಹಾಕುವ ಬಾಗಿಲಿದೆ, ಹೆಂಗಸರಿಗೆ ಶೌಚಾಲಯವಿದೆ. ಬಾಡಿಗೆ ಹೆಚ್ಚು, ಅದು ನಿಜ. ಭಾನುವಾರ ಸಾವಿರಾರು ಜನ ಓಡಾಡುತ್ತಾರೆ, ಆದರೆ ಕೊಳ್ಳುವವರು ಬಹಳ ಕಡಿಮೆ. ಜಗಲಿಯ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮ್ಮನ್ನೂ ಚಿತ್ರದೊಳಗೆ ಸೇರಿಸಿಕೊಳ್ಳುತ್ತಾರೆ, ಹೆಸರು ಕೇಳುವುದಿಲ್ಲ.

ಮೇಲಿನ ಹೋಟೆಲಿನಲ್ಲಿ ಉಳಿದವರು ಹಾಗಲ್ಲ. ಬೆಳಿಗ್ಗೆ ಗದ್ದಲ ಶುರುವಾಗುವ ಮೊದಲು ಕಾಫಿ ಲೋಟ ಹಿಡಿದು ಬರುತ್ತಾರೆ. ಈ ಬಣ್ಣ ಯಾವುದರಿಂದ ಎಂದು ಕೇಳುತ್ತಾರೆ. ಅಡಿಕೆ ಚೊಗರಿನಿಂದ ಎಂದರೆ ಆಶ್ಚರ್ಯಪಡುತ್ತಾರೆ. ಅಡಿಕೆ ಬೇಯಿಸಿದ ನೀರಿನಿಂದ ಬಟ್ಟೆಗೆ ಕೆಂಗಂದು ಬಣ್ಣ ಬರುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೇ ಗೊತ್ತಿರುವುದಿಲ್ಲ. ಮಾತಾಡಿದವರು ಕೊಳ್ಳದೆ ಹೋಗುವುದು ಕಡಿಮೆ. ನಮ್ಮ ವ್ಯಾಪಾರ ನಡೆಯುತ್ತಿರುವುದು ಆ ನಾಲ್ಕಾರು ಕೋಣೆಗಳಿಂದ. ಆದ್ದರಿಂದ ಅಲ್ಲಿಗೆ ಹೋಗಲೇಬೇಡಿ ಎಂದು ದಯವಿಟ್ಟು ಬರೆಯಬೇಡಿ. ಬಂದು ಉಳಿಯಿರಿ, ತಪ್ಪನ್ನು ಹೋಟೆಲಿನವರ ಮುಖಕ್ಕೇ ಹೇಳಿ. ನಾವು ಹೇಳಿದರೆ ಬಾಡಿಗೆದಾರರ ಮಾತು ಎಂದು ಬಿಡುತ್ತಾರೆ, ಹಣ ಕೊಟ್ಟ ಅತಿಥಿಗಳು ಹೇಳಿದರೆ ಕೇಳುತ್ತಾರೆ.

ಹಸೆಗೋಡೆ

ತಂಗಿ, ನಿನ್ನ ಮಾತು ಸರಿ. ಆ ಬಾಗಿಲಿನ ಹಾಳೆ ತೆಗೆಸುವವರೆಗೂ ನಾನು ಕೇಳುತ್ತಲೇ ಇರುತ್ತೇನೆ. ಒಟ್ಟಿಗೆ ಹೋಗಿ ಕೇಳೋಣ.

ಹೆಗ್ಗೋಡು_ದಾರಿ

ಜಗಲಿ ಅಂಗಡಿಯವರು ಬರೆದದ್ದನ್ನು ಸಂಕೀರ್ಣದ ಮಾಲೀಕರು ಓದಬೇಕು. ದೆಹಲಿಯಲ್ಲಿ 1994ರಲ್ಲಿ ಆರಂಭವಾದ ದಿಲ್ಲಿ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಹದಿನೈದು ದಿನದ ಸರದಿಯ ಮೇಲೆ ಮಳಿಗೆ ಕೊಡುತ್ತಾರೆ. ಮಾರುವವರು ಮಾಡುವವರೇ ಆಗಿರುತ್ತಾರೆ, ದೊಡ್ಡ ಬಾಡಿಗೆಯ ಹೊರೆ ಇಲ್ಲ. ಇಲ್ಲಿಯೂ ಒಂದೆರಡು ಮಳಿಗೆ ಹಾಗೆ ಬಿಟ್ಟರೆ ಗುಡಿಗಾರರು, ಹಸೆ ಬರೆಯುವವರು, ಬುಟ್ಟಿ ನೇಯುವವರು ಸರದಿಯಲ್ಲಿ ಬಂದು ಕೂರಬಹುದು. ನಮ್ಮ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಸಂಸ್ಥೆಯ ಹೆಂಗಸರು ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ ಎಲ್ಲವನ್ನೂ ತಾವೇ ಮಾಡಿ ಸಹಕಾರ ಸಂಘವನ್ನು ನಡೆಸಿ ತೋರಿಸಿದ್ದಾರೆ. ಹೆಗ್ಗೋಡಿನಲ್ಲಿ ನೀನಾಸಂ 1949ರಲ್ಲೇ ಹುಟ್ಟಿತು, ಹಳ್ಳಿಯಲ್ಲಿದ್ದುಕೊಂಡೇ ದೇಶದ ರಂಗಭೂಮಿಯನ್ನು ಇಲ್ಲಿಗೆ ಕರೆಸಿಕೊಂಡಿತು. ಈ ಸೀಮೆಗೆ ಹಳ್ಳಿಯ ವೇಷ ಹಾಕಿಸುವ ಅಗತ್ಯವೇ ಇಲ್ಲ, ಇಲ್ಲಿ ಕೆಲಸ ಮಾಡುತ್ತಿರುವ ಹಳ್ಳಿಗಳಿವೆ. ನೆಂಟರನ್ನು ಒಂದು ಬೆಳಿಗ್ಗೆ ಭೀಮನಕೋಣೆಗೆ ಕರೆದುಕೊಂಡು ಬನ್ನಿ, ಮಗ್ಗದ ಮುಂದೆ ನಿಂತು ನೋಡಲಿ.

ಲೆಕ್ಕದ_ಪುಸ್ತಕ

ಬಿಲ್ಲಿನ ವಿಷಯ ಯಾರೂ ಎತ್ತಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡ 5. ಮೊದಲು 12 ಇತ್ತು. 5,500ಕ್ಕೆ 275 ಆಗುತ್ತದೆ, 660 ಅಲ್ಲ. ಹಳೆಯ ದರ ಹಾಕಿದ ಬಿಲ್ಲು ಬಂದರೆ ಅಲ್ಲಿಯೇ ತಿದ್ದಿಸಿಕೊಳ್ಳಿ.

ಊಟದ ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳುವ ಹಕ್ಕು ನಿಮಗಿದೆ.

ಮದುವೆಗಾಗಿ ಎಲ್ಲ ಕೋಣೆಗಳನ್ನೂ ಹಿಡಿಯುವುದಾದರೆ ಮುಂಗಡ ಕೊಡುವ ಮೊದಲು ರದ್ದು ಮಾಡಿದರೆ ಎಷ್ಟು ವಾಪಸು ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತು ಬೇಡ.

ತಾಳಗುಪ್ಪ_ರೈಲು

ಬೆಂಗಳೂರಿನವರು ರೈಲಿನಲ್ಲಿ ಬರುವುದಾದರೆ ತಾಳಗುಪ್ಪ ಗಾಡಿ ಹಿಡಿದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಲಿ. ಹಿರಿಯರಿಗೆ ರಾತ್ರಿ ಬಸ್ಸಿಗಿಂತ ಅದು ಸುಖ. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣವೂ ಇದೆ, ಆದರೆ ಅದು ಇರುವ ಸೋಗಾನೆಯಿಂದ ಸಾಗರಕ್ಕೆ ಮತ್ತೆ ಕಾರು ಬೇಕು. ಮೇ ತಿಂಗಳಲ್ಲಿ ಜೋಗ ನೋಡಬೇಕೆಂದು ಹಟ ಹಿಡಿದರೆ ಮೊದಲೇ ಹೇಳಿಬಿಡಿ, ಆಗ ಬಂಡೆಯೇ ಹೆಚ್ಚು, ನೀರು ಕಡಿಮೆ. ಅದರ ಬದಲು ಇಕ್ಕೇರಿ, ಕೆಳದಿ ತೋರಿಸಿ. ಎರಡೂ ಸಾಗರಕ್ಕೆ ಹತ್ತಿರ. ಸಿಗಂದೂರಿಗೆ ಹೋಗುವವರಿಗೆ ಈಗ ಲಾಂಚ್ ಕಾಯುವ ಕೆಲಸವಿಲ್ಲ, 2025ರಲ್ಲಿ ಸೇತುವೆ ಆಗಿದೆ.

ಕ್ಯಾಸನೂರು_ಕಾಡು

ಮೇ ಎಂದರೆ ಮಂಗನ ಕಾಯಿಲೆಯ ಕಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ನೆಂಟರ ಮಕ್ಕಳು ಹೋಟೆಲಿನ ಹಿಂದಿನ ಕಾಡಿಗೆ ಹೋಗದಂತೆ ನೋಡಿಕೊಳ್ಳಿ. ಉಣುಗು ಕಚ್ಚಿ ಬರುವ ರೋಗ ಅದು.

ಬೆಂಗಳೂರಿನಿಂದ_ಊರಿಗೆ

ಮದುವೆಗೆ ಬರುವವರನ್ನು ಹೀಗೆ ಹೆದರಿಸಬೇಡಿ ಮಾರಾಯರೇ! ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಉಣುಗು ಎಲ್ಲಿಂದ ಬರುತ್ತದೆ?

ಕ್ಯಾಸನೂರು_ಕಾಡು

ಹೆದರಿಸುತ್ತಿಲ್ಲ, ಎಚ್ಚರ ಹೇಳುತ್ತಿದ್ದೇನೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಜನ ಸಾಯುತ್ತಾರೆ. ಓಣಿಯಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ. ತರಗೆಲೆಯ ಕಾಡಿಗೆ ನುಗ್ಗುವುದಾದರೆ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೇಪಾ ತೈಲ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ.

ಶರಾವತಿ_ಮಡಿಲು

ಎಲ್ಲರಿಗೂ ಕೈಮುಗಿಯುತ್ತೇನೆ. ನಿಮ್ಮ ಮಾತು ಕೇಳಿ ನಾನೂ ತಮ್ಮನೂ ಹೋಗಿ ಕೋಣೆಗಳನ್ನು ನೋಡಿ ಬಂದೆವು.

ಹಿರಿಯರನ್ನು ಅಲ್ಲಿ ಇಳಿಸುವುದಿಲ್ಲ. ಆ ಮೆಟ್ಟಿಲು ಅವರಿಂದ ಆಗುವುದಿಲ್ಲ. ಅವರಿಗೆ ನಮ್ಮ ಮನೆಯ ಕೆಳಗಿನ ಕೋಣೆಗಳನ್ನೇ ಬಿಟ್ಟುಕೊಡುತ್ತೇವೆ, ನಾವು ಅಟ್ಟದ ಮೇಲೆ ಮಲಗುತ್ತೇವೆ. ಹೆಣ್ಣಿನ ಕಡೆಯ ಅಕ್ಕತಂಗಿಯರು, ಚಿಕ್ಕವರು ಮಾತ್ರ ಹೋಟೆಲಿನಲ್ಲಿ ಉಳಿಯುತ್ತಾರೆ. ಓಣಿಯ ಕಡೆಯದು ಬೇಡ, ಹಿಂದಿನ ತೋಟದ ಕಡೆಯ ಕೋಣೆಗಳು ಬೇಕು ಎಂದು ಹೇಳಿ ಹಿಡಿದಿದ್ದೇವೆ. ರಾತ್ರಿಯ ಊಟ ನಮ್ಮ ಮನೆಯಿಂದಲೇ ಹೋಗುತ್ತದೆ. ಅದಕ್ಕೆ ಕೆಳಗಿನ ಪಡಸಾಲೆಯನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ಬಿಲ್ಲಿನಲ್ಲಿ ಶೇಕಡ 5 ಎಂದು ಬರೆಸಿಕೊಂಡಿದ್ದೇನೆ.

ಹಸೆಗೋಡೆ ಅಕ್ಕ, ಸ್ನಾನದ ಮನೆಯ ಬಾಗಿಲಿನ ವಿಷಯ ವ್ಯವಸ್ಥಾಪಕರಿಗೆ ಹೇಳಿದೆ. ಅದು ಪೂಜೆಯ ಚಿತ್ರ ಎಂದು ಅವರಿಗೆ ತಿಳಿದಿರಲಿಲ್ಲ. ನಾವು ಹಿಡಿದ ಕೋಣೆಗಳಲ್ಲಿ ಮದುವೆಗೆ ಮುಂಚೆ ತೆಗೆಸುತ್ತೇನೆ ಎಂದಿದ್ದಾರೆ, ಉಳಿದವುಗಳ ಬಗ್ಗೆ ಮಾಲೀಕರನ್ನು ಕೇಳಬೇಕಂತೆ. ನಮ್ಮ ಮನೆಯ ಗೋಡೆಗೆ ಹಸೆ ಬರೆಯಲು ನಿಮ್ಮ ಅಮ್ಮ ಬರುತ್ತಾರೆಯೇ? ಸಂಭಾವನೆ ನೀವು ಹೇಳಿದಷ್ಟು.

ಹಸೆಗೋಡೆ

ಬರುತ್ತಾರೆ. ಗೋಡೆಗೆ ಈಗಲೇ ಎಣ್ಣೆ ಬಣ್ಣ ಹೊಡೆಸಬೇಡಿ, ಕೆಮ್ಮಣ್ಣು ಹಿಡಿಯುವುದಿಲ್ಲ. ಮದುವೆಗೆ ಒಂದು ವಾರ ಮುಂಚೆ ಗೋಡೆ ಬಳಿದು ಒಣಗಿಸಿಡಿ. ಅಮ್ಮನ ಜೊತೆ ಚಿಕ್ಕಮ್ಮನೂ ಬರುತ್ತಾರೆ, ಇಬ್ಬರ ಸಂಭಾವನೆಯನ್ನೂ ಫೋನಿನಲ್ಲಿ ಮಾತಾಡೋಣ.

ತೊಟ್ಟಿಮನೆ

ಕಂಬಗಳ ಬಗ್ಗೆ ಕೇಳಿದಿರಾ?

ಶರಾವತಿ_ಮಡಿಲು

ಕೇಳಿದೆ ಅಣ್ಣ. ಹೊಸನಗರದ ಕಡೆಯಿಂದ ಬಂದದ್ದು ಎಂದಷ್ಟೇ ಹೇಳಿದರು. ಊರಿನ ಹೆಸರು ಅವರಿಗೂ ಗೊತ್ತಿಲ್ಲ.

ತೊಟ್ಟಿಮನೆ

ಹೊಸನಗರದ ಕಡೆಯ ಹಿರಿಯರು ಯಾರಾದರೂ ಇಲ್ಲಿದ್ದರೆ ಒಮ್ಮೆ ಹೋಗಿ ನೋಡಿ. ಬೋದಿಗೆಯಲ್ಲಿ ಗಿಳಿಗಳ ಜೋಡಿ ಇದೆ, ಗುರುತು ಸಿಗಬಹುದು.

ಜಗಲಿ_ಅಂಗಡಿ

ಶರಾವತಿ ಅಕ್ಕ, ನೀವು ಬಂದಾಗ ನಮ್ಮ ಅಂಗಡಿಗೆ ಬರಲಿಲ್ಲ! ತಾಂಬೂಲದ ಚೀಲ ಬೇಕಾಗಿದ್ದರೆ ಈಗಲೇ ಹೇಳಿ. ತೆಂಗಿನಕಾಯಿ ಹಿಡಿಸುವ ಅಳತೆಯೋ, ಬರೀ ಎಲೆ ಅಡಿಕೆಯ ಅಳತೆಯೋ ತಿಳಿಸಿ. ಚೊಗರಿನ ಬಣ್ಣದ್ದಾದರೆ ಬಿಸಿಲು ಇರುವಾಗಲೇ ಒಣಗಿಸಿಕೊಳ್ಳಬೇಕು, ಮಳೆ ಹಿಡಿದ ಮೇಲೆ ಹೇಳಿದರೆ ನನ್ನಿಂದ ಆಗುವುದಿಲ್ಲ.